ನೀವು ಕೇಳಿದ್ದು: ನಮ್ಮೂರ ಬೆಟ್ಟದಲ್ಲಿ ಅಕೇಶಿಯಾ ನೆಡಲು ಹೊರಟಿದ್ದಾರೆ. ಅದೂ ಹಸಿರೇ ಅಲ್ವಾ? ಊರಿನವರು ಬೇಡ ಅಂದರೆ ನಿಲ್ಲುತ್ತಾ?

ನಾನು ಉತ್ತರ ಕನ್ನಡದ ಸಿದ್ದಾಪುರದ ಕಡೆಯವನು. ಪೇಟೆಯಿಂದ ಬರುವ ನೆಂಟರೂ ನಿಮ್ಮ ಹಾಗೇ ಕೇಳುತ್ತಾರೆ. ದೂರದಿಂದ ನೋಡಿದರೆ ಹಸಿರೇ. ಒಮ್ಮೆ ಅಕೇಶಿಯಾ ತೋಪಿನ ಒಳಗೆ ಹೋಗಿ ನೋಡಿ. ದಪ್ಪ ದರಕು, ಅಂದರೆ ಉದುರಿದ ಒಣ ಎಲೆ, ಚಾಪೆ ಹಾಸಿದ ಹಾಗೆ ಬಿದ್ದಿರುತ್ತದೆ, ಬೇಗ ಕೊಳೆಯುವುದಿಲ್ಲ. ಅದರ ಸೊಪ್ಪನ್ನು ದನ ಮೂಸಿ ಬಿಟ್ಟುಬಿಡುತ್ತದೆ. ನಮ್ಮ ತೋಟಕ್ಕೆ, ಕೊಟ್ಟಿಗೆಗೆ ಅದರಿಂದ ಏನೂ ಸಿಗುವುದಿಲ್ಲ.

ಅಲ್ಲಿಂದ ಕತ್ತಲೆಕಾನು ಅನ್ನುವ ಕಾಡಿನ ರಾಮಪತ್ರೆ ಜಡ್ಡಿಗೆ ಬನ್ನಿ. ರಾಮಪತ್ರೆ ಅಂದರೆ ಕಾಡು ಜಾಯಿಕಾಯಿ ಮರ, ಜಡ್ಡಿ ಅಂದರೆ ಕಾಡೊಳಗಿನ ಜೌಗು. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿದೆ. ನಡುಮಧ್ಯಾಹ್ನವೂ ಮಬ್ಬು. ಬೇಸಿಗೆಯಲ್ಲೂ ಕಾಲಡಿಗೆ ತಣ್ಣನೆಯ ಕಪ್ಪು ಕೆಸರು. ಆ ಕೆಸರಲ್ಲಿ ಬೇರಿಗೆ ಉಸಿರು ಕಟ್ಟುತ್ತದೆ. ಅದಕ್ಕೇ ಬೇರುಗಳು ಮಡಚಿದ ಮೊಣಕಾಲಿನ ಹಾಗೆ ಮೇಲೆದ್ದು, ಮತ್ತೆ ಮಣ್ಣಿಗೆ ಇಳಿದಿರುತ್ತವೆ. ಕಾಯಿ ಬಿರಿದರೆ ಒಳಗೆ ಬೀಜಕ್ಕೆ ಸುತ್ತಿಕೊಂಡ ಕೆಂಪು ಪತ್ರೆ. ಅದಕ್ಕಾಗಿಯೇ ಮಂಗಟ್ಟೆ ಹಕ್ಕಿ ಬರುತ್ತದೆ. ಇಲ್ಲಿ ಸಿಕ್ಕ ಗೇರಿನ ಕುಟುಂಬದ ಒಂದು ಮರಕ್ಕೆ 2000ದಲ್ಲಿ ಈ ಕಾನಿನ ಹೆಸರನ್ನೇ ಇಟ್ಟರು, ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ. ಅದು ಉಳಿದಿರುವುದು ಬೆರಳೆಣಿಕೆಯ ಜಡ್ಡಿಗಳಲ್ಲಿ ಮಾತ್ರ.

ನಾವು ಕೆಲವರು ಸೇರಿ ರಾಮಪತ್ರೆ ಸಸಿ ಮಾಡುತ್ತೇವೆ. ಮೊದಲ ವರ್ಷ ಬೀಜವನ್ನು ಅಂಗಳದಲ್ಲಿ ಹರಡಿ ಒಣಗಿಸಿದೆವು. ಒಂದೂ ಹುಟ್ಟಲಿಲ್ಲ. ಭತ್ತದ ಹಾಗೆ ಇದನ್ನು ಕಣಜದಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ, ಪಸೆ ಆರುವ ಮೊದಲೇ ಮಣ್ಣು ಸೇರಬೇಕು. ತಾಯಿಮರ ಹೋದರೆ ಬೀಜವೂ ಹೋಯಿತು. ಈಗ ಕಡಿದು ಆಮೇಲೆ ನೆಟ್ಟರಾಯಿತು ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ನಿಲ್ಲುತ್ತಾ ಅಂತ ಕೇಳಿದಿರಿ. ನಿಂತಿದೆ. ತೇಗಕ್ಕಾಗಿ, ನೀಲಗಿರಿಗಾಗಿ ನಮ್ಮ ಜಿಲ್ಲೆಯ ಸಹಜ ಕಾಡು ಬಹಳ ಹೋಗಿತ್ತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ, ಹೆಂಗಸರು ಮಕ್ಕಳೂ ಸೇರಿ, ಕಳಸೆ ಕಾಡಿಗೆ ನಡೆದು ಹೋಗಿ ಮರ ಅಪ್ಪಿಕೊಂಡರು. ಕಡಿತ ನಿಂತಿತು. ಅದೇ ಅಪ್ಪಿಕೋ ಚಳವಳಿ. ಉಳಿಸು, ಬೆಳೆಸು, ಬಳಸು ಅಂತ ಮೂರೇ ಮಾತು. ಬಳಸು ಅನ್ನುವುದನ್ನು ಬಿಡದೆ ಇಟ್ಟುಕೊಂಡದ್ದು ನನಗೆ ತುಂಬಾ ಹಿಡಿಸುತ್ತದೆ. ಗೊಬ್ಬರಕ್ಕೆ ಸೊಪ್ಪು ಕೊಡುವ ಬೆಟ್ಟವಿಲ್ಲದೆ ಅಡಿಕೆ ತೋಟವಿಲ್ಲ, ಅದನ್ನು ಯಾರೂ ಮುಚ್ಚಿಡಲಿಲ್ಲ.

ಆಮೇಲೆ ಹಾನಗಲ್ ತಾಲೂಕಿನ ಕುಸನೂರು. ಹರಿಹರದ ಕಾರ್ಖಾನೆಯೊಂದರ ಕಚ್ಚಾಮಾಲಿಗಾಗಿ ಕರ್ನಾಟಕ ಪಲ್ಪ್‌ವುಡ್ ಅನ್ನುವ ಜಂಟಿ ಕಂಪನಿಗೆ ಸರ್ಕಾರ ಸಾವಿರಾರು ಎಕರೆ ಊರೊಟ್ಟಿನ ಜಾಗ ಕೊಟ್ಟಿತ್ತು, ನೀಲಗಿರಿ ಬೆಳೆಯಲು. 1987ರ ನವೆಂಬರ್ 14ರಂದು ಜನ ಅಲ್ಲಿ ನೀಲಗಿರಿ ಸಸಿ ಕಿತ್ತು, ಅದೇ ಜಾಗದಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. ಅದಕ್ಕೆ 'ಕಿತ್ತಿಕೋ ಹಚ್ಚಿಕೋ' ಅಂತ ಹೆಸರು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ ಮುಂದೆ ನಿಂತಿತ್ತು, ಶಿವರಾಮ ಕಾರಂತರು ಜೊತೆಗೂಡಿ ಸುಪ್ರೀಂ ಕೋರ್ಟಿಗೂ ಹೋದರು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯಿತು.

ಅಕೇಶಿಯಾ ಬಂದದ್ದೂ ನೀಲಗಿರಿಯ ಹಿಂದೆಯೇ. ನಮ್ಮ ಮಳೆಗೆ ನೀಲಗಿರಿಗೆ ಗುಲಾಬಿ ರೋಗ ಹಿಡಿದು ಸಾಯತೊಡಗಿದಾಗ ಇದನ್ನು ತಂದರು. 2020ರಲ್ಲಿ ಶಿವಮೊಗ್ಗ ಕಡೆ 'ನಮ್ಮೂರಿಗೆ ಅಕೇಶಿಯಾ ಬೇಡ' ಅಂತ ಜನ ಮತ್ತೆ ಎದ್ದು ನಿಂತರು.

ಒಂದು ಮಾತು ಹೇಳದೆ ಇರಲಾರೆ. ಎಷ್ಟೋ ಜಡ್ಡಿಗಳನ್ನು ತೋಟ, ಗದ್ದೆ ಮಾಡಿಕೊಂಡವರು ನಮ್ಮ ಹಿರಿಯರೇ. ತೋಪು ಬೇಡ ಅನ್ನುವಾಗ ಆ ತಪ್ಪನ್ನೂ ಒಪ್ಪಿಕೊಂಡೇ ಮಾತಾಡಬೇಕು.

ನೀವು ಸುಮ್ನೆ ಕೂರಬೇಡಿ. ಗುಂಡಿ ತೋಡುವ ಮೊದಲೇ ಊರಿನ ಹಿರಿಯರನ್ನು, ಸೊಪ್ಪು ತರುವ ಹೆಂಗಸರನ್ನು, ನಾಟಿ ಔಷಧಿ ಕೊಡುವವರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಯಾವ ಗಿಡ, ಯಾವ ಒರತೆ ಎಲ್ಲಿದೆ ಅಂತ ಬರೆದುಕೊಳ್ಳಿ, ಫೋಟೋ ತೆಗೆಯಿರಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಪಟ್ಟಿಯನ್ನು ಅವರ ದಾಖಲಾತಿಗೆ ಸೇರಿಸಲು ಕೇಳಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಪ್ರತಿ ಇಟ್ಟುಕೊಳ್ಳಿ. ಜಡ್ಡಿ ಏನಾದರೂ ಕಂಡರೆ ಇಲ್ಲೇ ಬರೆಯಿರಿ. ರಾಮಪತ್ರೆ ಸಸಿ ನಮ್ಮಲ್ಲಿ ಇವೆ, ಕೊಡುತ್ತೇವೆ.