ಸಿನಿಮಾ ನೋಡಿ ಸರಿಯಾಗಿ ಮಾರ್ಕ್ಸ್ ಕೊಡುವುದು ಹೇಗೆ?

ಕಥೆಗೆ ಇಷ್ಟು, ನಟನೆಗೆ ಇಷ್ಟು, ಸಂಗೀತಕ್ಕೆ ಇಷ್ಟು ಅಂತ ಒಂದು ಪಟ್ಟಿ ಕೇಳಿದ್ದೀರಿ. ಆ ಪಟ್ಟಿ ನನ್ನ ಹತ್ತಿರ ಇತ್ತು. ಎಕ್ಸೆಲ್ ಶೀಟಿನಲ್ಲಿ, ನಾಲ್ಕು ವರ್ಷ, ಆರುನೂರು ಚಿಲ್ಲರೆ ಸಿನಿಮಾ. ಅರ್ಧ ಸ್ಟಾರ್ ಏರಿಸಲೋ ಇಳಿಸಲೋ ಎಂದು ನಿದ್ದೆಗೆಟ್ಟದ್ದೂ ಉಂಟು.

2019ರಲ್ಲಿ ಆ ಶೀಟಿಗೆ ಗಿರೀಶ್ ಕಾಸರವಳ್ಳಿಯವರ 'ತಬರನ ಕಥೆ' ಸೇರಿತು. ಪೂರ್ಣಚಂದ್ರ ತೇಜಸ್ವಿಯವರ ಕಥೆ, 1986ರ ಸಾಲಿನ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರೀಯ ಸ್ವರ್ಣಕಮಲ, ತಬರನಾಗಿ ನಟಿಸಿದ ಚಾರುಹಾಸನ್‌ಗೆ ರಾಷ್ಟ್ರಪ್ರಶಸ್ತಿ. ಇದನ್ನೂ ನೋಡದೆ ಸಿನಿಮಾ ಹುಚ್ಚ ಅನ್ನಿಸಿಕೊಳ್ಳೋದು ಹೇಗೆ? ಕಂಪನಿ ಬಸ್ಸಿನಲ್ಲಿ ಕೂತು, ಮೊಬೈಲಿನಲ್ಲಿ, ಒಂದೂವರೆ ಪಟ್ಟು ಸ್ಪೀಡಿನಲ್ಲಿ ನೋಡಿ ಮುಗಿಸಿದೆ.

ಈ ಒಂದೂವರೆ ಪಟ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಾಗೆ ನೋಡಿದರೂ ಮಾತು ಅರ್ಥವಾಗುತ್ತೆ. ಕಥೆ ತಿಳಿಯುತ್ತೆ. ಪರೀಕ್ಷೆ ಇಟ್ಟರೆ ಪಾಸಾಗುತ್ತೀರಿ. ಆದರೆ ತಬರ ನಿವೃತ್ತನಾದ ಸಣ್ಣ ಸರ್ಕಾರಿ ನೌಕರ. ಪಿಂಚಣಿಗಾಗಿ ಕಚೇರಿ ಕಚೇರಿ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತಿದೆ. ಅವನು ಕಾಯುವುದೇ ಆ ಸಿನಿಮಾ. ನಾನು ಅದರಲ್ಲೇ ಮೂರರಲ್ಲೊಂದು ಪಾಲು ಕದ್ದಿದ್ದೆ. ಅವನು ಮೇಜಿನ ಮುಂದೆ ನಿಂತರೆ ನನ್ನ ಫೋನಿನಲ್ಲಿ ಗುಮಾಸ್ತ ಬೇಗ ತಲೆಯೆತ್ತುತ್ತಿದ್ದ. ದಣಿದ ಮುದುಕ ಚುರುಕಾಗಿ ಹೆಜ್ಜೆ ಹಾಕುತ್ತಿದ್ದ. ಅಷ್ಟು ಓಡಿಸಿಯೂ ನನಗೆ ಬೋರಾಗಿತ್ತು ಅನ್ನೋದು ಬೇರೆ ಮಾತು.

ರಾತ್ರಿ ಬರೆದೆ: "ವಿಷಯ ಒಳ್ಳೆಯದು, ಆದರೆ ತುಂಬಾ ನಿಧಾನ. ಅರ್ಧ ಗಂಟೆ ಕತ್ತರಿಸಬಹುದಿತ್ತು. ಎರಡೂವರೆ ಸ್ಟಾರ್." ಮನೆಯವರ ವಾಟ್ಸಾಪ್ ಗ್ರೂಪಿಗೂ ಹಾಕಿದೆ. ಶಭಾಷ್ ಅನ್ನಿಸಿಕೊಳ್ಳಬೇಕಿತ್ತು, ಸುಮ್ನೆ ಯಾಕೆ ಸುಳ್ಳು.

ಬೆಳಿಗ್ಗೆ ಅಪ್ಪ ಫೋನ್ ಮಾಡಿದರು. ನನಗೆ ಈ ಹುಚ್ಚು ಹಿಡಿಸಿದವರೇ ಅವರು. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ 'ಬಂಗಾರದ ಮನುಷ್ಯ' ಏಳು ಸಲ ನೋಡಿದವರು. ಕೇಳಿದ್ದು ಒಂದೇ ಮಾತು. "ಯಾವ ಅರ್ಧ ಗಂಟೆನೋ ಕತ್ತರಿಸೋದು?"

ಒಂದು ದೃಶ್ಯವನ್ನೂ ಹೇಳಲು ನನಗೆ ಬಾಯಿ ಬರಲಿಲ್ಲ. "ಆಫೀಸಿಗೆ ಅಲೆಯೋದು ಜಾಸ್ತಿ ಆಯ್ತು ಅಲ್ವಾ" ಎಂದೆ.

"ಹೂಂ, ಜಾಸ್ತಿನೇ ಆಯ್ತು" ಎಂದು ಫೋನ್ ಇಟ್ಟರು.

ಅಪ್ಪನೂ ಒಂದು ಕಚೇರಿಯಲ್ಲಿ ಅಟೆಂಡರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಅವರ ಫೈಲು ಹದಿನಾಲ್ಕು ತಿಂಗಳು ಮೇಜಿನಿಂದ ಮೇಜಿಗೆ ಓಡಾಡಿತು. ನಾನಾಗ ಪುಣೆಯಲ್ಲಿದ್ದೆ. ಭಾನುವಾರ ಫೋನ್ ಮಾಡಿದಾಗ "ಇನ್ನೂ ಆಗಿಲ್ಲ ಕಣೋ" ಅನ್ನುತ್ತಿದ್ದರು. ನಾನು "ಆಗುತ್ತೆ ಬಿಡಪ್ಪ" ಅನ್ನುತ್ತಿದ್ದೆ. ಆ ಎರಡೂವರೆ ಸ್ಟಾರ್ ಹಾಕುವಾಗ ಇದು ನೆನಪಿಗೇ ಬರಲಿಲ್ಲ ನೋಡಿ.

ಆಮೇಲೆ ಅವರು ನನ್ನ ಜೊತೆ ಸಿನಿಮಾ ಮಾತು ಬಿಟ್ಟರು. ಜಗಳವಿಲ್ಲ, ಮುನಿಸಿಲ್ಲ. ನಾನೇ ಕೆದಕಿದರೆ "ನೀನು ಸ್ಟಾರ್ ಹಾಕಿರ್ತೀಯಲ್ಲ" ಅಂದು ಪೇಪರ್ ತಿರುಗಿಸುತ್ತಾರೆ.

ಹಾಗಾಗಿ ನಿಮಗೆ ಪಟ್ಟಿ ಕೊಡಲ್ಲ. ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಅನ್ನಿ, ಪ್ರಶಸ್ತಿ ಬಂದಿದೆ ಎಂದು ಹೆದರಬೇಡಿ. ಪ್ರಶಸ್ತಿ ಬಂದ ಬೋರು ಸಿನಿಮಾಗಳೂ ಬೇಕಾದಷ್ಟಿವೆ. ಆದರೆ "ನಿಧಾನ" ಅನ್ನುವ ಮೊದಲು ಎಲ್ಲಿ ನಿಧಾನ ಅಂತ ಬೆರಳಿಟ್ಟು ತೋರಿಸಲು ಬರಬೇಕು. ಬರಲಿಲ್ಲವಾ, ಬಾಯಿ ಮುಚ್ಚಿಕೊಂಡು ಇನ್ನೊಮ್ಮೆ ನೋಡಿ. ನೋಡಿದ ರಾತ್ರಿಯೇ ಬರೆಯಬೇಡಿ. ಸ್ಪೀಡ್ ಬಟನ್ ಅಂತೂ ಮುಟ್ಟಲೇಬೇಡಿ. ಅಷ್ಟು ಬೇಜಾರಾದರೆ ಎದ್ದು ಹೋಗಿ, ಅದಾದರೂ ಮರ್ಯಾದೆ. ಹಾಡು ಫೈಟಿನ ಸಿನಿಮಾಕ್ಕೂ ಇದೇ ಮಾತು. ಹೀರೋ ಎಂಟ್ರಿಯ ಸ್ಲೋ ಮೋಷನ್ನನ್ನು ಓಡಿಸಿ ನೋಡಿದವನಿಗೆ ಶಿಳ್ಳೆ ಹೊಡೆಯೋಕೆ ಟೈಮ್ ಎಲ್ಲಿ ಸಿಗುತ್ತೆ?

ಹೋದ ವರ್ಷ ಊರಿಗೆ ಹೋದಾಗ ಫೋನನ್ನು ಟಿವಿಗೆ ಜೋಡಿಸಿ 'ತಬರನ ಕಥೆ' ಹಾಕಿದೆ. ಅಪ್ಪನನ್ನೂ ಕರೆದೆ. ಬಾಗಿಲ ಹತ್ತಿರ ನಿಂತು ಸ್ವಲ್ಪ ಹೊತ್ತು ನೋಡಿದರು. ತಬರ ಇನ್ನೊಂದು ಕಚೇರಿಯ ಬಾಗಿಲು ದಾಟುವಷ್ಟರಲ್ಲಿ "ನೀನು ನೋಡು, ನಾನು ನೋಡಿದೀನಿ" ಎಂದು ಹಿತ್ತಲಿಗೆ ಹೋದರು.