ಕರೆಂಟ್ ಬಿಲ್ ಮರೆಯುವವರಿಗೆ ಫೋನಿನಲ್ಲೇ ಸಹಾಯ ಸಿಗುತ್ತದಾ?

ಪ್ರಶ್ನೆ: ನನಗೆ 31 ವರ್ಷ. ದಾವಣಗೆರೆಯ ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತೇನೆ. ದುಡ್ಡಿದ್ದೂ ಬಿಲ್ ಕಟ್ಟಲು ಮರೆತು ಎರಡು ಸಲ ಲೈನ್‌ಮನ್ ಫ್ಯೂಸ್ ಕಿತ್ತುಕೊಂಡು ಹೋಗಿದ್ದಾನೆ. ಮಿಕ್ಸಿ ಸದ್ದಾದರೆ ಕಿವಿ ಮುಚ್ಚಿಕೊಳ್ಳುತ್ತೇನೆ. ಎಡಿಎಚ್‌ಡಿಯೋ (ಗಮನ ನಿಲ್ಲದ, ಮರೆವಿನ ತೊಂದರೆ), ಆಟಿಸಮ್ಮೋ (ಸದ್ದು, ಬೆಳಕು, ಜನರ ಜೊತೆ ಬೆರೆಯುವುದು ಬೇರೆಯದೇ ಥರ ಅನಿಸುವ ಸ್ವಭಾವ) ಅನ್ನುವ ಅನುಮಾನ. ಅಮ್ಮ ಸೋಮಾರಿತನ ಅಂತಾರೆ. ಆನ್‌ಲೈನಿನಲ್ಲೇ ಎಲ್ಲ ಆಗುತ್ತದಾ? ಇಂಥವರಿಗೆ ತರಬೇತಿ ಕೊಡುವ ಒಬ್ಬ ಕೋಚ್ ಮೂರು ತಿಂಗಳಿಗೆ 18,000 ರೂಪಾಯಿ ಕೇಳಿದ್ದಾರೆ.

ಉತ್ತರ: ಮೊದಲು ಆ 18,000 ಜೇಬಿನಲ್ಲೇ ಇರಲಿ. ಕೋಚ್ ಅಂತ ಬೋರ್ಡ್ ಹಾಕಿಕೊಳ್ಳಲು ನಮ್ಮಲ್ಲಿ ಯಾವ ಲೈಸೆನ್ಸೂ ಬೇಕಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ (ಮನಸ್ಸಿನ ತೊಂದರೆ ಪರೀಕ್ಷಿಸುವ ತಜ್ಞರು) ಆದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ, ನೋಂದಣಿ ಸಂಖ್ಯೆ ಇರುತ್ತದೆ, ಸಂಕೋಚಪಡದೆ ಕೇಳಿ.

ನನಗೆ ಎಡಿಎಚ್‌ಡಿ, ಆಟಿಸಂ ಎರಡೂ ಇವೆ ಅಂತ ಗೊತ್ತಾಗಿದ್ದು 39ನೇ ವಯಸ್ಸಿಗೆ. ಹಾಗಾಗಿ ನಿಮ್ಮ 'ಅದೋ ಇದೋ'ಗೂ 'ಎರಡೂ' ಅನ್ನುವ ಉತ್ತರ ಬರಬಹುದು. ನಾನು ಮೊದಲು ಹೋಗಿದ್ದು ಒಂದು ಆಪ್‌ಗೆ. 12 ನಿಮಿಷದ ವಿಡಿಯೊ ಕಾಲ್, ಆಮೇಲೊಂದು ಪಿಡಿಎಫ್ ಸರ್ಟಿಫಿಕೇಟ್. ನನ್ನ ಬಾಲ್ಯದ ಬಗ್ಗೆ ಒಂದು ಮಾತೂ ಕೇಳಲಿಲ್ಲ! ಎಡಿಎಚ್‌ಡಿ ಅನ್ನಬೇಕಾದರೆ 12 ವರ್ಷಕ್ಕೆ ಮುಂಚೆಯೇ ಕೆಲವು ಲಕ್ಷಣ ಕಂಡಿರಬೇಕು. ಮುಂದೆ ಸಿಕ್ಕ ಡಾಕ್ಟರು ಕೇಳಿದ್ದೇ ಹಳೇ ಮಾರ್ಕ್ಸ್ ಕಾರ್ಡ್. ಅಟ್ಟದ ಟ್ರಂಕಿನಲ್ಲಿ ನಾಲ್ಕನೇ ಕ್ಲಾಸಿನದು ಸಿಕ್ಕಿತು. 'ಜಾಣೆ. ಕಿಟಕಿ ನೋಡುವುದು ಜಾಸ್ತಿ' ಅಂತ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು.

ಎಲ್ಲಿಂದ ಶುರು ಮಾಡುವುದು ಅಂತ ತೋಚದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ಸರ್ಕಾರದ್ದು, 2022ರಿಂದ ಇದೆ. ಹಗಲೂ ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲೇ ಇದು ಇಂಥದ್ದೇ ಅಂತ ಹೇಳಿಬಿಡಲಿ ಅಂತ ಮಾತ್ರ ಕಾಯಬೇಡಿ. ಔಷಧಿಯದೂ ಒಂದು ತೊಡಕಿದೆ. ಎಡಿಎಚ್‌ಡಿಗೆ ಹೆಚ್ಚಾಗಿ ಕೊಡುವ ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಮಾತ್ರೆ, ಅಂದರೆ ಸರ್ಕಾರ ಬಿಗಿ ಹಿಡಿತದಲ್ಲಿಟ್ಟಿರುವ ಔಷಧಿ. 2020ರ ಟೆಲಿಮೆಡಿಸಿನ್ ನಿಯಮದ ಪ್ರಕಾರ ಅದನ್ನು ವಿಡಿಯೊದಲ್ಲಿ ನೋಡಿ ಬರೆಯುವಂತಿಲ್ಲ. ಅಂದರೆ ಒಂದು ದಿನ ಬಸ್ ಹತ್ತಲೇಬೇಕು.

ಆನ್‌ಲೈನಿನಿಂದ ನನಗೆ ನಿಜವಾಗಿ ಸಿಕ್ಕಿದ್ದು ಜೊತೆ. ಇದಕ್ಕೆ ಬಾಡಿ ಡಬ್ಲಿಂಗ್ ಅಂತಾರೆ. ಶನಿವಾರ ಬೆಳಗ್ಗೆ 10ಕ್ಕೆ ಶಿವಮೊಗ್ಗದ ಗೆಳತಿ, ನಾನು ವಿಡಿಯೊ ಹಚ್ಚುತ್ತೇವೆ. ಮುಖ ತೋರಿಸುವುದಿಲ್ಲ, ಕ್ಯಾಮೆರಾ ಮೇಜಿನ ಕಡೆ. ಮೊದಲು ಇಬ್ಬರೂ ಇವತ್ತಿನ ಕೆಲಸ ಟೈಪ್ ಮಾಡುತ್ತೇವೆ. ಆಮೇಲೆ ಮಾತಿಲ್ಲ. ಹೋದ ವಾರ ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಆ ಬೆರಳುಗಳನ್ನು ನೋಡಿಕೊಂಡೇ ನಾನು ಎಂಟು ತಿಂಗಳಿಂದ ಮುಂದಕ್ಕೆ ಹಾಕಿದ್ದ ಇನ್ಶೂರೆನ್ಸ್ ಫಾರ್ಮ್ ತುಂಬಿದೆ. ಯಾಕೆ ಹೀಗಾಗುತ್ತದೋ, ಒಬ್ಬಳೇ ಕೂತರೆ ಪೆನ್ನೇ ಸಿಗುವುದಿಲ್ಲ.

ಅಮ್ಮನ ಜೊತೆ ವಾದ ಬೇಡ. ಡಾಕ್ಟರ ಹತ್ತಿರ ಹೋಗುವಾಗ ಕರ್ಕೊಂಡು ಹೋಗಿ, ಬಾಲ್ಯದ ಕತೆ ಅವರೇ ಹೇಳಲಿ. ನನ್ನಮ್ಮನೂ 'ಏನೂ ಇಲ್ಲ ಡಾಕ್ಟ್ರೇ, ಚೆನ್ನಾಗೇ ಇದ್ಲು' ಅಂತಲೇ ಶುರು ಮಾಡಿದ್ದು. ಎರಡನೇ ಮಾತಿಗೇ, 'ಊಟಕ್ಕೆ ಕೂತವಳು ಅರ್ಧಕ್ಕೆ ಎದ್ದು ನಾಯಿ ಹಿಂದೆ ಹೋಗಿಬಿಡೋಳು, ತಟ್ಟೆ ಹಿಡ್ಕೊಂಡು ನಾನು ಬೀದಿ ಸುತ್ತುತ್ತಿದ್ದೆ' ಅಂದರು.