ಶೇಂಗಾ ಹೊಲ, ಮಗನ ಗೇಮು

ಚಳ್ಳಕೆರೆ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ಎಂಜಿನಿಯರಿಂಗ್ ಓದಿದ ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು, ಮಹಡಿ ಕೋಣೆಯಲ್ಲಿ ಒಬ್ಬನೇ ಕೂತು ಕಂಪ್ಯೂಟರ್ ಗೇಮ್ ಮಾಡುತ್ತಿದ್ದಾನೆ. ಅದೂ ಬೇಸಾಯದ ಗೇಮಂತೆ. ಆಡಿದವರಿಗೆ ನೆಮ್ಮದಿ ಸಿಗುತ್ತದಂತೆ. ಇಷ್ಟು ವರ್ಷ ಶೇಂಗಾ ಬೆಳೆದ ನನಗೆ ಬೇಸಾಯದಲ್ಲಿ ನೆಮ್ಮದಿಯ ನಿದ್ದೆ ಬಂದದ್ದೇ ಕಮ್ಮಿ. ಇಂಥದ್ದನ್ನು ದುಡ್ಡು ಕೊಟ್ಟು ಯಾರು ಆಡುತ್ತಾರೆ? ನಾನು ಇನ್ನೆಷ್ಟು ದಿನ ಸುಮ್ಮನಿರಲಿ?’

ಸಂಪಾದಕರ ಉತ್ತರ:

ಆಡುವವರು ಇದ್ದಾರೆ ಯಜಮಾನರೇ, ನೀವು ಊಹಿಸಿದ್ದಕ್ಕಿಂತ ಬಹಳ ಜನ. ಅಮೆರಿಕದ ಎರಿಕ್ ಬರೋನ್ ಎಂಬಾತ ಒಬ್ಬನೇ ಮಾಡಿದ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಗೇಮ್ 2024ರ ಕೊನೆಯ ಹೊತ್ತಿಗೆ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿತ್ತು. ಆತನೂ ನಿಮ್ಮ ಮಗನಂತೆ ಕಂಪ್ಯೂಟರ್ ಓದಿದವನು. 2011ರಲ್ಲಿ ಪದವಿ ಮುಗಿಸಿದಾಗ ಕೆಲಸ ಸಿಗಲಿಲ್ಲ. ಕೈ ಪಳಗಲಿ ಎಂದು ಶುರುಮಾಡಿದ ಗೇಮ್ ಅದು. ಚಿತ್ರ, ಸಂಗೀತ, ಕಂಪ್ಯೂಟರ್ ಕೋಡ್, ಪಾತ್ರಗಳ ಮಾತುಕತೆ ಎಲ್ಲವನ್ನೂ ತಾನೇ ಮಾಡುತ್ತಾ ನಾಲ್ಕೂವರೆ ವರ್ಷ ಕಳೆದ. 2016ರ ಫೆಬ್ರುವರಿಯಲ್ಲಿ ಅದು ಹೊರಬಂತು. ಆ ವರ್ಷಗಳಲ್ಲಿ ಸಿಯಾಟಲ್‌ನ ರಂಗಮಂದಿರವೊಂದರಲ್ಲಿ ಜನರಿಗೆ ಸೀಟು ತೋರಿಸುವ ಅರೆಕಾಲಿಕ ಕೆಲಸ ಮಾಡುತ್ತಿದ್ದ. ಮನೆಯ ಖರ್ಚಿಗೆ ಸಂಗಾತಿ ಹೆಗಲು ಕೊಟ್ಟಿದ್ದಳು. ಗೆದ್ದವರ ಕಥೆ ಹೇಳುವಾಗ ಈ ಕೊನೆಯ ಸಂಗತಿಯನ್ನು ನಮ್ಮವರು ಬಿಟ್ಟುಬಿಡುತ್ತಾರೆ. ಒಬ್ಬನೇ ಮಾಡಿದ ಕೆಲಸದ ಹಿಂದೆ ಆತನಿಗೆ ಊಟ ಹಾಕಿದ ಮನೆಯೊಂದು ಇರುತ್ತದೆ. ಇಲ್ಲಿ ಆ ಮನೆ ನಿಮ್ಮದು.

ಈಗ ನಿಮ್ಮ ಮುಖ್ಯ ಪ್ರಶ್ನೆ: ಬೇಸಾಯದಲ್ಲಿ ಎಲ್ಲಿಯ ನೆಮ್ಮದಿ? ಆ ಗೇಮಿನ ಒಂದು ಬೆಳೆಯನ್ನೇ ನೋಡೋಣ. ಪಾರ್ಸ್‌ನಿಪ್ ಎಂದು ಮೂಲಂಗಿಯಂಥ ಗೆಡ್ಡೆ. ಅಂಗಡಿಯಲ್ಲಿ ಬೀಜಕ್ಕೆ 20 ನಾಣ್ಯ. ದಿನಾ ನೀರು ಹಾಕಿದರೆ ನಾಲ್ಕು ದಿನಕ್ಕೆ ಕೀಳಬಹುದು. ಸಾಧಾರಣ ಗೆಡ್ಡೆ ಮಾರಿದರೆ ಒಂದಕ್ಕೆ 35 ನಾಣ್ಯ. ನೀವು ಹತ್ತು ಹಾಕಿದರೂ 35, ಸಾವಿರ ಹಾಕಿದರೂ 35. ಒಂದು ದಿನ ನೀರು ಮರೆತರೆ ಗಿಡ ಸಾಯುವುದಿಲ್ಲ, ಆ ದಿನ ಬೆಳೆಯುವುದಿಲ್ಲ, ಅಷ್ಟೇ. ಕಾಗೆ ಕಾಟ ಉಂಟು, ಬೆದರುಬೊಂಬೆ ನಿಲ್ಲಿಸಿದರೆ ಮುಗಿಯಿತು. ಆವಕ ಜಾಸ್ತಿಯಾಯಿತೆಂದು ದಾವಣಗೆರೆ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ರೇಟು ಬೀಳುವಂತೆ ಅಲ್ಲಿ ಬೀಳುವುದಿಲ್ಲ. ಬೋರ್‌ವೆಲ್ ಕೈಕೊಡುವುದಿಲ್ಲ. ಬೇಸಾಯದಿಂದ ಸಾಲವನ್ನೂ ದಲ್ಲಾಳಿಯನ್ನೂ ತೆಗೆದು, ಬಿತ್ತುವ ಕೀಳುವ ಕೆಲಸವನ್ನಷ್ಟೇ ಉಳಿಸಿಕೊಂಡಿದ್ದಾರೆ. ದುಡಿದದ್ದಕ್ಕೆ ತಕ್ಕ ಫಲ ಖಾತ್ರಿಯಾಗಿ ಸಿಗುವ ಜಾಗ ನಗರದ ನೌಕರನಿಗೂ ಬೇಕಾಗಿದೆ. ಆಫೀಸಿನಲ್ಲಿ ತಿಂಗಳುಗಟ್ಟಲೆ ದುಡಿದದ್ದು ಏನಾಯಿತೆಂದು ಅವನಿಗೆ ಕಾಣುವುದೇ ಇಲ್ಲ. ಇಲ್ಲಿ ನಾಲ್ಕನೇ ದಿನ ಕೈಗೆ ಬರುತ್ತದೆ.

ಈ ಬಗೆಯ ಗೇಮುಗಳಿಗೆ ದಾರಿ ಹಾಕಿದ್ದು ಜಪಾನಿನ ಯಾಸುಹಿರೊ ವಾಡಾ. ಗ್ರಾಮಾಂತರದಲ್ಲಿ ಬೆಳೆದು ಟೋಕಿಯೊ ಸೇರಿದ ಆತ, ಬಡಿದಾಟವಿಲ್ಲದ ಗೇಮ್ ಬೇಕೆಂದು 1996ರಲ್ಲಿ ‘ಹಾರ್ವೆಸ್ಟ್ ಮೂನ್’ ಮಾಡಿದ. ಆದರೆ ಬೇಸಾಯದ ಗೇಮೆಲ್ಲ ನೆಮ್ಮದಿಯದೇ ಎನ್ನಲಾಗದು. 2009ರಲ್ಲಿ ಫೇಸ್‌ಬುಕ್‌ನಲ್ಲಿ ಬಂದ ‘ಫಾರ್ಮ್‌ವಿಲ್’ನಲ್ಲಿ ಹೊತ್ತಿಗೆ ಸರಿಯಾಗಿ ಬಂದು ಕೊಯ್ಯದಿದ್ದರೆ ಬೆಳೆ ಬಾಡುತ್ತಿತ್ತು. ಜನ ಅಲಾರಂ ಇಟ್ಟುಕೊಂಡು ಏಳುವಂಥ ಗೇಮ್ ನನಗೆ ಇಷ್ಟವಿಲ್ಲ. ನಿಮ್ಮ ಮಗನದು ಆ ದಾರಿ ಹಿಡಿಯದಿರಲಿ.

ಅವನು ಏನು ಮಾಡಬಹುದು ಎಂದು ಯೋಚಿಸುತ್ತಲೇ ಇದ್ದೇನೆ. ಸ್ಟಾರ್‌ಡ್ಯೂದಲ್ಲಿ ಒಂದು ಋತುವಿಗೆ 28 ದಿನ, ವರ್ಷಕ್ಕೆ ನಾಲ್ಕು ಋತು. ನಮ್ಮಲ್ಲಿ ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಎರಡು ಮಳೆ ಕೂಡಿದರೆ ಹೆಚ್ಚುಕಡಿಮೆ ಆ ಲೆಕ್ಕವೇ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ಹೆಸರಿಟ್ಟುಕೊಂಡು ಬರುವ ಮಳೆಗಳೇ ಗೇಮಿನ ಪಂಚಾಂಗವಾದರೆ ಎಷ್ಟು ಚೆಂದ! ಇನ್ನು ಶೇಂಗಾ. ಹೂವು ಬಿಡುವುದು ಮೇಲೆ, ಕಾಯಿ ಕಟ್ಟುವುದು ನೆಲದೊಳಗೆ. ಹೂವು ಬಾಡಿದ ಮೇಲೆ ಅಲ್ಲಿಂದ ಸೂಜಿಯಂಥ ಎಳೆ ಇಳಿದು ಮಣ್ಣು ಹೊಗಬೇಕು, ಆ ಹೊತ್ತಿಗೆ ಮೇಲ್ಮಣ್ಣು ಗಟ್ಟಿಯಾಗಿದ್ದರೆ ಇಳಿಯಲಾರದು. ಬಳ್ಳಿ ಹಸಿರಾಗಿ ಹರಡಿದ್ದರೂ ಕಿತ್ತು ನೋಡುವವರೆಗೆ ಬುಡದಲ್ಲಿ ಎಷ್ಟಿದೆಯೆಂದು ಗೊತ್ತಾಗುವುದಿಲ್ಲ. ಕೀಳುವ ಆ ಗಳಿಗೆಯ ಕುತೂಹಲವನ್ನು ಕಟ್ಟಿಕೊಡಲು ನಿಮ್ಮ ಹೊಲದಲ್ಲಿ ಓಡಾಡಿ ಬೆಳೆದವನಿಗೆ ಆಗಬೇಕು.

ದುಡ್ಡಿನ ಮಾತು. ಗೊಡೊ ಎಂಬ ಗೇಮ್ ಎಂಜಿನ್, ಅಂದರೆ ಗೇಮ್ ಕಟ್ಟುವ ತಂತ್ರಾಂಶ, ಪುಕ್ಕಟೆ ಸಿಗುತ್ತದೆ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಒಂದು ಗೇಮ್ ಇಡಲು 100 ಡಾಲರ್ ಕಟ್ಟಬೇಕು. ದೊಡ್ಡ ಖರ್ಚೆಂದರೆ ಅವನ ವಯಸ್ಸು. ಬರೋನ್‌ಗೆ ಆದದ್ದು ಎಲ್ಲರಿಗೂ ಆಗುವುದಿಲ್ಲ. ಇಂಥ ಗೇಮುಗಳಲ್ಲಿ ಹೆಚ್ಚಿನವು ಯಾರ ಕಣ್ಣಿಗೂ ಬೀಳದೆ ಹೋಗುತ್ತವೆ. ಆದ್ದರಿಂದ ಚಳ್ಳಕೆರೆಯಲ್ಲೋ ಚಿತ್ರದುರ್ಗದಲ್ಲೋ ಅರ್ಧ ದಿನದ ಕೆಲಸ ಹಿಡಿಯಲಿ, ಮನೆಯಿಂದಲೇ ಮಾಡುವಂಥದ್ದಾದರೂ ಸರಿ. ಗೇಮನ್ನೂ ಚಿಕ್ಕದಾಗಿಯೇ ಇಟ್ಟುಕೊಳ್ಳಲಿ; ಇಡೀ ಊರು, ಜಾತ್ರೆ, ಕೆರೆ, ಮದುವೆ ಎಲ್ಲವನ್ನೂ ಅದರಲ್ಲಿ ಒಟ್ಟಿಗೆ ತುಂಬಲು ಹೊರಟರೆ ಮುಗಿಯುವುದಿಲ್ಲ.

ಸುಮ್ಮನಿರಿ ಎಂದು ನಾನು ಹೇಳಲಾರೆ. ಕೇಳಿ, ಆದರೆ ‘ಯಾವಾಗ ಕೆಲಸಕ್ಕೆ ಹೋಗ್ತೀಯಪ್ಪಾ’ ಎಂದು ಕೇಳಬೇಡಿ. ದೀಪಾವಳಿ ಹೊತ್ತಿಗೆ ಒಂದೇ ಬೆಳೆ, ಬಿತ್ತನೆಯಿಂದ ಒಕ್ಕಣೆವರೆಗೆ, ಆಡುವಂತೆ ಮಾಡಿ ತೋರಿಸು ಎಂದು ಕೇಳಿ. ತೋರಿಸಿದರೆ ಮೊದಲು ನೀವೇ ಕೂತು ಆಡಿ. ಸಾಲಿನ ಅಂತರ ಸರಿಯಿಲ್ಲವೆಂದೋ, ಆ ಮಳೆಗೆ ಯಾರೂ ಬಿತ್ತುವುದಿಲ್ಲವೆಂದೋ ನೀವು ಹೇಳಿದ್ದನ್ನು ಅವನು ಬರೆದುಕೊಳ್ಳಲಿ. ದೀಪಾವಳಿಗೂ ಏನೂ ತೋರಿಸದಿದ್ದರೆ ಮತ್ತೆ ನನಗೆ ಬರೆಯಿರಿ, ಅವನಿಗೆ ನೇರವಾಗಿ ನಾನೇ ಪತ್ರ ಬರೆಯುತ್ತೇನೆ.